ಪಠ್ಯಪುಸ್ತಕದ ಮೂರು ಆರ್‌ಎನ್‌ಎ ಬಿಟ್ಟು ಬೇರೆ ಯಾವುವಿವೆ? ಅವುಗಳಿಂದ ಏನು ಕೆಲಸ?

ಎಂ-ಆರ್‌ಎನ್‌ಎ (ಪ್ರೋಟೀನಿನ ಸಂದೇಶ ಒಯ್ಯುವುದು), ಟಿ-ಆರ್‌ಎನ್‌ಎ (ಅಮೈನೋ ಆಮ್ಲ ಹೊತ್ತು ತರುವುದು), ಆರ್-ಆರ್‌ಎನ್‌ಎ (ಪ್ರೋಟೀನ್ ಕಟ್ಟುವ ರೈಬೋಸೋಮಿನ ಭಾಗ) ಬಿಟ್ಟರೆ ಇನ್ನೇನಿದೆ ಅಂತ ಕೇಳಿದ್ದೀರಿ. ಬೇಕಾದಷ್ಟಿವೆ. 2024ರ ನೊಬೆಲ್ ಬಂದ ಮೇಲೆ ಮೈಕ್ರೋ-ಆರ್‌ಎನ್‌ಎ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ, ಹಾಗಾಗಿ ಅದನ್ನು ಇಲ್ಲಿ ಬಿಡುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು ಬ್ಯಾಕ್ಟೀರಿಯಾಗಳಲ್ಲಿರುವ ಟಿಎಂ-ಆರ್‌ಎನ್‌ಎ. ಎಂ-ಆರ್‌ಎನ್‌ಎಯ ಬಾಲ ತುಂಡಾಗಿದ್ದರೆ ಅದರಲ್ಲಿ ಸ್ಟಾಪ್ ಕೋಡಾನ್, ಅಂದರೆ ಪ್ರೋಟೀನ್ ಇಲ್ಲಿಗೆ ಮುಗಿಯಿತು ಅನ್ನುವ ಗುರುತು, ಇರುವುದಿಲ್ಲ. ಓದುತ್ತಾ ಬಂದ ರೈಬೋಸೋಮ್ ತುದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದೆ ಹೋಗುವ ಹಾಗಿಲ್ಲ, ಬಿಟ್ಟು ಬರುವ ಹಾಗೂ ಇಲ್ಲ. ಆಗ ಟಿಎಂ-ಆರ್‌ಎನ್‌ಎ ಒಳಗೆ ಬರುತ್ತದೆ. ಅದರ ಒಂದು ಭಾಗ ಟಿ-ಆರ್‌ಎನ್‌ಎ ತರಹವೇ ಇದ್ದು, ಅಲನಿನ್ ಅನ್ನುವ ಒಂದು ಅಮೈನೋ ಆಮ್ಲ ಹೊತ್ತು ತಂದಿರುತ್ತದೆ. ಅದನ್ನು ಅರ್ಧಕ್ಕೆ ನಿಂತ ಪ್ರೋಟೀನಿಗೆ ಜೋಡಿಸಿದ ಮೇಲೆ ರೈಬೋಸೋಮ್ ಹಳೆಯದನ್ನು ಬಿಟ್ಟು ಟಿಎಂ-ಆರ್‌ಎನ್‌ಎಯಲ್ಲೇ ಬರೆದಿರುವ ಚಿಕ್ಕ ಸಂದೇಶವನ್ನು ಓದತೊಡಗುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇನ್ನೂ 10 ಅಮೈನೋ ಆಮ್ಲ ಸೇರುತ್ತವೆ, ಆಮೇಲೆ ಸ್ಟಾಪ್. ರೈಬೋಸೋಮ್ ಬಿಡುಗಡೆ! ಆ 11 ಅಮೈನೋ ಆಮ್ಲಗಳ ಬಾಲ ಕಂಡ ಕೂಡಲೇ ಕಿಣ್ವಗಳು ಆ ಅರೆಬರೆ ಪ್ರೋಟೀನನ್ನು ಕತ್ತರಿಸಿ ಹಾಕುತ್ತವೆ. ಒಂದೇ ಅಣು ಟಿ-ಆರ್‌ಎನ್‌ಎ, ಎಂ-ಆರ್‌ಎನ್‌ಎ ಎರಡೂ ಪಾತ್ರ ಮಾಡುತ್ತದೆ, ಚೆನ್ನಾಗಿದೆ ಅಲ್ವಾ?

ನಮ್ಮ ಜೀವಕೋಶಗಳಲ್ಲಿ ಸ್ನೋ-ಆರ್‌ಎನ್‌ಎ ಇವೆ. ಇವುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಂಟ್ರಾನ್‌ಗಳಿಂದ, ಅಂದರೆ ಎಂ-ಆರ್‌ಎನ್‌ಎ ತಯಾರಾಗುವಾಗ ಸುಮ್ನೆ ಕತ್ತರಿಸಿ ಎಸೆಯುವ ಕಸ ಅಂತ ನಾವು ಓದಿಕೊಂಡಿದ್ದ ತುಣುಕುಗಳಿಂದ. ಆರ್-ಆರ್‌ಎನ್‌ಎಯಲ್ಲಿ ಯಾವ ಜಾಗಕ್ಕೆ ಮಿಥೈಲ್ ಗುಂಪು (ಒಂದು ಪುಟ್ಟ ರಾಸಾಯನಿಕ ಗುರುತು) ಸೇರಬೇಕು ಅನ್ನುವುದನ್ನು ಇವು ಅಲ್ಲಿಗೇ ಅಂಟಿಕೊಂಡು ತೋರಿಸುತ್ತವೆ. ಟೆಲೊಮರೇಸ್ ಕಿಣ್ವದೊಳಗೂ ಒಂದು ಆರ್‌ಎನ್‌ಎ ಇದೆ. ಕ್ರೋಮೋಸೋಮಿನ ತುದಿಯನ್ನು ಅದು ಬೆಳೆಸುವುದು ಆ ಆರ್‌ಎನ್‌ಎಯನ್ನು ನೋಡಿಕೊಂಡೇ.

ಇಷ್ಟೆಲ್ಲ ಮಾಡಿದರೂ ಇವು ಕಣ್ಣಿಗೆ ಬೀಳುವುದು ಕಡಿಮೆ. ಯಾಕೆಂದರೆ ನಾವು ಹುಡುಕುವುದೇ ಪ್ರೋಟೀನಿನ ಜೀನ್‌ಗಳನ್ನು. ಸ್ಪ್ಲೈಸಿಂಗ್, ಅಂದರೆ ಇಂಟ್ರಾನ್ ತೆಗೆದು ಉಳಿದದ್ದನ್ನು ಜೋಡಿಸುವ ಕೆಲಸ, ಮಾಡುವ ಯು4 ಅನ್ನುವ ಪುಟ್ಟ ಆರ್‌ಎನ್‌ಎಯನ್ನೇ ನೋಡಿ. ಅದರ ಒಂದು ಜೀನ್ ಆರ್‌ಎನ್‌ಯು4-2. ಅದರಲ್ಲಾಗುವ ಬದಲಾವಣೆ ಅನೇಕ ಮಕ್ಕಳ ಬುದ್ಧಿ ಬೆಳವಣಿಗೆಯ ತೊಂದರೆಗೆ ಕಾರಣ ಅಂತ ಗೊತ್ತಾಗಿದ್ದು 2024ರಲ್ಲಿ. ಸಾಮಾನ್ಯವಾಗಿ ಮಾಡಿಸುವ ಎಕ್ಸೋಮ್ ಪರೀಕ್ಷೆ ಪ್ರೋಟೀನ್ ಭಾಗಗಳನ್ನೇ ಜಾಸ್ತಿ ಓದುತ್ತದೆ. ಹಾಗಾಗಿ ಈ ಬದಲಾವಣೆ ಇಡೀ ಜೀನೋಮ್ ಓದಿದಾಗಲೇ ಸಿಕ್ಕಿತು.