‘ಅಮ್ಮ ಕೂತ್ಕೊಳೋದೇ ಇಲ್ಲ’

ಹೆಸರು, ಬಡಾವಣೆ, ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ. ದೋಣಿಯನ್ನು ಬದಲಿಸಲು ಆಗಲಿಲ್ಲ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಮೈಸೂರಿನವರಿಗೆ ದೋಣಿ ಅಂದರೆ ರಂಗನತಿಟ್ಟು, ಹೆಚ್ಚೆಂದರೆ ತಲಕಾಡಿನ ಹರಿಗೋಲು. ಹಾಯಿದೋಣಿಯ ಸಂಸಾರ ಕೌನ್ಸೆಲಿಂಗ್‌ಗೆಂದು ನನ್ನ ಬಳಿ ಬಂದದ್ದು ಇದೇ ಮೊದಲು. ಆದರೆ ಅರ್ಧ ಕಟ್ಟಿದ ಮನೆಯಲ್ಲಿ ಹಾಲುಕ್ಕಿಸಿ ಸಿಮೆಂಟ್ ಚೀಲಗಳ ನಡುವೆ ಮಕ್ಕಳನ್ನು ಬೆಳೆಸಿದವರು, ತೋಟದ ಶೆಡ್ಡಿನಲ್ಲಿ ‘ಇನ್ನೊಂದೇ ವರ್ಷ’ ಎಂದು ಐದು ವರ್ಷ ತಳ್ಳಿದವರು ಮತ್ತೆ ಮತ್ತೆ ಬರುತ್ತಾರೆ. ಇದೂ ಅದೇ ಕಾಯಿಲೆ.

ಗಂಡ ಎಂಜಿನಿಯರ್. ಹೆಂಡತಿ ಟೀಚರ್ ಕೆಲಸ ಬಿಟ್ಟವರು. ಮಗಳಿಗೆ ಒಂಬತ್ತು ವರ್ಷ. ಇಲ್ಲಿನ ಮನೆ ಬಾಡಿಗೆಗೆ ಕೊಟ್ಟು, ಕೊಚ್ಚಿಯ ಯಾರ್ಡೊಂದರಲ್ಲಿ 36 ಅಡಿಯ ಹಳೇ ಫೈಬರ್‌ಗ್ಲಾಸ್ ದೋಣಿ ರಿಪೇರಿ ಮಾಡುತ್ತಾ ಅದರಲ್ಲೇ ಸಂಸಾರ. ಸೋರುವ ಒಂದು ಬೋಲ್ಟ್ ಬಿಚ್ಚಿದರೆ ಡೆಕ್ಕಿನ ಒಳಗಿನ ಮರ ನೆನೆದು ಮೆತ್ತಗಾಗಿತ್ತು. ಅದನ್ನು ಕಿತ್ತರೆ ಹಾಯಿಕಂಬದ ತಂತಿಗಳನ್ನು ಹಿಡಿದಿಡುವ ಸ್ಟೀಲ್ ಪಟ್ಟಿ ಸಿಕ್ಕಿತು: ಮೇಲೆ ಫಳಫಳ, ಡೆಕ್ಕಿನಲ್ಲಿ ಹೂತ ಕಡೆ ಉಪ್ಪುನೀರು ನಿಂತು, ಗಾಳಿಯಾಡದೆ ಬಿರುಕು. ಫೋಟೊ ತೋರಿಸಿದರು. ದಾಂಪತ್ಯಕ್ಕೆ ಹೋಲಿಸುವ ಚಪಲ ಬಂತು, ನುಂಗಿಕೊಂಡೆ.

ಇನ್ನೊಂದು ತೊಡಕು ಗಾಳಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಆಗ ಕೊಚ್ಚಿಯಿಂದ ಸಣ್ಣ ದೋಣಿ ಹೊರಡುವಂತಿಲ್ಲ. ಪಶ್ಚಿಮಕ್ಕೆ ಸಾಗರ ದಾಟುವುದು ಅವರ ಆಸೆ; ಅದಕ್ಕೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಈಶಾನ್ಯದ ಗಾಳಿ ಬೇಕು. ಕೆಲಸ ಒಂದು ತಿಂಗಳು ಹಿಂದೆ ಬಿದ್ದರೂ ಪ್ರಯಾಣ ವರ್ಷ ಮುಂದಕ್ಕೆ. ಹೀಗೇ ಮೂರು ಡಿಸೆಂಬರ್ ಕಳೆದಿತ್ತು.

ಎರಡನೇ ಭೇಟಿಗೆ ಮೂವರೂ ಬಂದರು. ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿಯವರ ಮಾತನ್ನು ಗಂಡ ತೆಗೆದರು: 2013ರಲ್ಲಿ ಹಾಯಿದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದದ್ದು. “ಅವರು ಸಿದ್ಧವಾದ ದೋಣೀಲಿ ಹೊರಟರು, ಒಬ್ಬರೇ ಹೊರಟರು” ಎಂದೆ. ಸ್ವಲ್ಪ ಚುರುಕಾಗಿಯೇ ಅಂದೆ. ಹೆಂಡತಿ ಕುರ್ಚಿಯ ತುದಿಯಲ್ಲಿ ಸುಮ್ಮನೆ ಇದ್ದರು.

ಮಗು ದೋಣಿಯ ಚಿತ್ರ ಬರೆಯುತ್ತಿತ್ತು. “ಇದರಲ್ಲಿ ನಿನ್ನ ಜಾಗ ಯಾವುದು ಪುಟ್ಟಿ?” ಎಂದೆ.

“ಇದು ನನ್ನ ಮಂಚ ಆಂಟಿ. ಕೆಳಗೆ ಡ್ರಿಲ್ಲು, ಸ್ಪ್ಯಾನರು. ಅಪ್ಪಂಗೆ ಏನಾದ್ರೂ ಬೇಕಂದ್ರೆ ನಾನು ಏಳ್ಬೇಕು. ಹಾಸಿಗೆ ಎತ್ತಿ, ಹಲಗೆ ಎತ್ತಿ, ತಗೊಂಡಾದ್ಮೇಲೆ ಮತ್ತೆ ಹಾಕ್ಬೇಕು.”

“ಹೋಂವರ್ಕ್ ಮಾಡ್ತಿದ್ರೂನಾ?”

“ಹೂಂ. ಅಮ್ಮನ ಕಡೆ ಎಂಜಿನ್ ಸಾಮಾನು. ಅದಕ್ಕೇ ಅಮ್ಮ ಕೂತ್ಕೊಳೋದೇ ಇಲ್ಲ.”

ಗಂಡ ಹೆಂಡತಿಯ ಕಡೆ ತಿರುಗಿದರು. “ನೀನು ಒಂದಿನಾನೂ ಹೇಳ್ಲಿಲ್ಲ.”

“ಏಳು ಅಂದಾಗೆಲ್ಲ ಎದ್ದಿದೀನಿ. ಇನ್ನೇನ್ ಹೇಳ್ಲಿ? ಊಟಾನೂ ನಿಂತೇ ಮಾಡ್ತೀನಲ್ಲ ರೀ.”

ಆಮೇಲೆ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಮಗು ಎಂಜಿನ್ನಿಗೆ ಕೆಂಪು ಬಣ್ಣ ಹಚ್ಚಿತು.

ದೋಣಿ ಮಾರಿ ಎಂದು ನಾನು ಹೇಳಲಿಲ್ಲ. ಆಕೆಯ ಅಣ್ಣ ಫೋನ್ ಮಾಡಿ, ಫೀಸು ತಗೊಂಡು ಹುಚ್ಚಿಗೆ ತಾಳ ಹಾಕಿದಿರಿ ಎಂದು ಬೈದರು. ಬೈಯಲಿ. ಆಕೆಯನ್ನು ಒಬ್ಬರನ್ನೇ ಕೂರಿಸಿ ಕೇಳಿದ್ದೆ. ಕೊಂಡ ಹೊಸದರಲ್ಲಿ ಒಂದೇ ಸಲ ಹೊರಗೆ ಹೋಗಿದ್ದರಂತೆ. ಹಾಯಿ ಏರಿಸಿ ಎಂಜಿನ್ ಆಫ್ ಮಾಡಿದಾಗ ನೀರಿನ ಸದ್ದಷ್ಟೇ ಉಳಿದದ್ದನ್ನು ಹೇಳುತ್ತಾ ಮೊದಲ ಬಾರಿ ಕುರ್ಚಿಗೆ ಒರಗಿದರು. ಆಕೆಗೆ ಸಮುದ್ರ ಬೇಡವಾಗಿರಲಿಲ್ಲ. ಮಾರಿ ಎಂದಿದ್ದರೆ, ‘ಏಳು’ ಎನ್ನುವ ಇನ್ನೊಬ್ಬಳು ನಾನಾಗುತ್ತಿದ್ದೆ.

ಹೇಳಿದ್ದು ಇಷ್ಟು. ಫೈಬರ್ ಉಜ್ಜುವ, ರೆಸಿನ್ ಅಂಟು ಹಚ್ಚುವ ಕೆಲಸ ಮುಗಿಯುವವರೆಗೆ ತಾಯಿ ಮಗಳು ಹೊರಗೆ ರೂಮು ಮಾಡಿಕೊಂಡಿರಬೇಕು. ಗಾಜಿನ ಪುಡಿ, ರೆಸಿನ್ನಿನ ಘಾಟು ತುಂಬಿದ ಕೇಬಿನ್ನಿನಲ್ಲಿ ಮಗು ಮಲಗುವುದರಲ್ಲಿ ರಾಜಿ ಇಲ್ಲ. ‘ಬಾಡಿಗೆ ದಂಡ’ ಎಂದರು ಗಂಡ. ಒಂದು ಹಾಯಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದೆ. ದೋಣಿಗೆ ಮರಳಿದ ಮೇಲೆ ಇಬ್ಬರ ಮಂಚದ ಕೆಳಗೂ ಯಾರ ಸಾಮಾನೂ ಇರಬಾರದು. ಕೆಲಸದ ಪಟ್ಟಿಯನ್ನು ಗಂಡ ಓದಬೇಕು, ಹೆಂಡತಿ ಪೆನ್ಸಿಲ್ ಹಿಡಿಯಬೇಕು: ಇದಾಗದಿದ್ದರೆ ನೀರು ಒಳಗೆ ಬರುತ್ತದೆಯೇ, ಕಂಬ ಬೀಳುತ್ತದೆಯೇ, ಚುಕ್ಕಾಣಿ ಕೈಕೊಡುತ್ತದೆಯೇ? ಇಲ್ಲವೆಂದರೆ ಹೊಡೆದುಹಾಕಬೇಕು. ಬರುವ ಡಿಸೆಂಬರ್ ಕೂಡ ತಪ್ಪಿದರೆ ಜೂನ್‌ನಲ್ಲಿ ಮಗಳು ಮೈಸೂರಿನ ಶಾಲೆಗೆ.

ರೂಮು ಮಾಡಿದ್ದಾರೆ. ಪಟ್ಟಿ ಅರ್ಧಕ್ಕಿಳಿದಿದೆಯಂತೆ. ಗಂಡ ಆಮೇಲೆ ಬರಲಿಲ್ಲ. ಹೋಗುತ್ತಾರೋ ಇಲ್ಲವೋ ಆಕೆ ಹೇಳಿಲ್ಲ, ನಾನೂ ಕೇಳಿಲ್ಲ.

ಇದನ್ನು ಬರೆಯುವ ಮುನ್ನ ಮೊದಲ ಭೇಟಿಯ ಟಿಪ್ಪಣಿ ತೆಗೆದೆ. ಮೂರು ಪುಟ. ಸ್ಟೀಲ್ ಪಟ್ಟಿಯ ಚಿತ್ರವನ್ನೂ ಗೀಚಿಕೊಂಡಿದ್ದೇನೆ. ಹೆಂಡತಿಯ ಬಗ್ಗೆ ಇರುವುದು ಒಂದೇ ಮಾತು: ‘ಹೊಂದಿಕೊಂಡಿದ್ದಾರೆ.’