ಡೇಟಾ ಓಡುವ ಫೈಬರ್‌ನಲ್ಲೇ ಕ್ವಾಂಟಂ ಕೀ ಕಳಿಸಬಹುದಾ?

ಪ್ರಶ್ನೆ: ನಮ್ಮ ಎರಡು ಡೇಟಾ ಸೆಂಟರ್‌ಗಳ ನಡುವೆ 60 ಕಿ.ಮೀ. ಫೈಬರ್ ಇದೆ. ಡೇಟಾ ಹೋಗುವ ಕೋರ್‌ನಲ್ಲೇ ಕ್ವಾಂಟಂ ಕೀಯನ್ನೂ ಕಳಿಸಬಹುದೇ? ಬೇರೆ ಕೋರ್ ಬೇಕೇ ಬೇಕಾ?
– ನೆಟ್‌ವರ್ಕ್ ಇಂಜಿನಿಯರ್, ಹುಬ್ಬಳ್ಳಿ

ಉತ್ತರ: ಕ್ವಾಂಟಂ ಕೀಯನ್ನು (ಡೇಟಾಗೆ ಬೀಗ ಹಾಕಲು ಬೆಳಕಿನ ಕಣಗಳ ಮೂಲಕ ಕಳಿಸುವ ಗುಪ್ತ ಸಂಖ್ಯೆ) ಅದೇ ಕೋರ್‌ನಲ್ಲಿ, ಅಂದರೆ ಕೇಬಲ್‌ನೊಳಗಿನ ಅದೇ ಗಾಜಿನ ಎಳೆಯಲ್ಲಿ, ಕಳಿಸಬಹುದು. ಆದರೆ ಅದೇ ಕೇಬಲ್‌ನಲ್ಲಿ ಖಾಲಿ ಕೋರ್ ಇದ್ದರೆ ಮೊದಲು ಅದನ್ನೇ ಕೇಳಿ ಪಡೆಯಿರಿ. ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಕ್ವಾಂಟಂ ಕೀ ಕಳಿಸುವಾಗ ಒಂದೊಂದು ಮಿಡಿತದಲ್ಲಿ ಸರಾಸರಿ ಒಂದು ಫೋಟಾನ್ (ಬೆಳಕಿನ ಕಣ) ಕೂಡ ಇರುವುದಿಲ್ಲ. ನಿಮ್ಮ ಡೇಟಾ ಸಿಗ್ನಲ್ ಬರೀ ಒಂದು ಮಿಲಿವ್ಯಾಟ್ ಇದ್ದರೂ ಸೆಕೆಂಡಿಗೆ ಸುಮಾರು 80 ಕೋಟಿ ಕೋಟಿ ಫೋಟಾನ್ ಹರಿಯುತ್ತವೆ. ಆ ಬೆಳಕಿನ ಒಂದು ಚೂರು ಗಾಜಿನಲ್ಲಿ ಚದುರಿ, ಬಣ್ಣ ಬದಲಿಸಿ, ಕ್ವಾಂಟಂ ಚಾನೆಲ್ ಮೇಲೆಯೇ ಬೀಳುತ್ತದೆ. 1928ರಲ್ಲಿ ಸಿ.ವಿ. ರಾಮನ್ ತೋರಿಸಿಕೊಟ್ಟ ಪರಿಣಾಮವೇ ಇದು. ತರಂಗಾಂತರ ಒಂದೇ ಆಗಿರುವುದರಿಂದ ಫಿಲ್ಟರ್ ಎಷ್ಟೇ ಕಿರಿದಾಗಿರಲಿ, ಸ್ವಲ್ಪ ಒಳಗೆ ಬಂದೇ ಬರುತ್ತದೆ.

ಕೋರ್ ಒಂದೇ ಇದ್ದರೆ ಡೇಟಾ 1550 ನ್ಯಾನೊಮೀಟರ್ ಸುತ್ತಲೇ ಇರಲಿ, ಕ್ವಾಂಟಂ ಚಾನೆಲ್ ಅನ್ನು 1310ಕ್ಕೆ ಇಳಿಸಿ. ತರಂಗಾಂತರಗಳು ಅಷ್ಟು ದೂರವಿದ್ದಾಗ ರಾಮನ್ ಗದ್ದಲ ತುಂಬಾ ಕಡಿಮೆ. ಆದರೆ ಇದಕ್ಕೂ ಬೆಲೆ ತೆರಬೇಕು. 1550ರಲ್ಲಿ ಕಿ.ಮೀ.ಗೆ ಸುಮಾರು 0.2 ಡೆಸಿಬಲ್ ನಷ್ಟವಾದರೆ 1310ರಲ್ಲಿ 0.35 ಆಗುತ್ತದೆ. ನಿಮ್ಮ 60 ಕಿ.ಮೀ.ಗೆ ಲೆಕ್ಕ ಹಾಕಿದರೆ, ಅಲ್ಲಿ ನೂರಕ್ಕೆ ಆರು ಫೋಟಾನ್ ತಲುಪುತ್ತವೆ, ಇಲ್ಲಿ ಒಂದೂ ಪೂರ್ತಿ ತಲುಪುವುದಿಲ್ಲ. ಕೀ ನಿಧಾನವಾಗುತ್ತದೆ. ಹಾಗಾಗಿ ಡೇಟಾದ ಪವರ್ ಅನ್ನು ರಿಸೀವರ್‌ಗೆ ಸಾಕಾಗುವಷ್ಟಕ್ಕೆ ಇಳಿಸುವುದೂ ಮುಖ್ಯ. ಸುಮ್ನೆ ಜಾಸ್ತಿ ಇಟ್ಟಿರುವ ಲಿಂಕ್‌ಗಳೇ ಹೆಚ್ಚು!

ಇನ್ನು ಸಿಗ್ನಲ್‌ಗೆ ಬಲ ತುಂಬುವ ಆಂಪ್ಲಿಫೈಯರ್. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯನ್ನು ನಕಲು ಮಾಡಲು ಆಗುವುದಿಲ್ಲ. ಕದಿಯುವವನನ್ನು ಹಿಡಿದುಕೊಡುವುದೂ ಅದೇ ನಿಯಮ, ಆಂಪ್ಲಿಫೈಯರ್ ಬಳಸದಂತೆ ಮಾಡುವುದೂ ಅದೇ. ಆದ್ದರಿಂದ ಬೂಸ್ಟರ್ (ಕಳಿಸುವ ತುದಿಯ ಆಂಪ್ಲಿಫೈಯರ್) ದಾಟಿದ ಮೇಲೆ ಕ್ವಾಂಟಂ ಚಾನೆಲ್ ಸೇರಿಸಿ, ಆ ತುದಿಯಲ್ಲಿ ಪ್ರೀ-ಆಂಪ್ಲಿಫೈಯರ್‌ಗೆ ಮೊದಲೇ ಬೇರೆ ಮಾಡಿ. ದೂರ ಹೆಚ್ಚಿದ್ದರೆ ನಡುವೆ ಕೀ ಪಡೆದು ಮುಂದಕ್ಕೆ ದಾಟಿಸುವ ನಂಬಿಕಸ್ಥ ನೋಡ್‌ಗಳು ಬೇಕು. 2017ರಲ್ಲಿ ಶುರುವಾದ ಬೀಜಿಂಗ್–ಶಾಂಘೈ ಮಾರ್ಗ ಸುಮಾರು 2,000 ಕಿ.ಮೀ. ಇದೆ. ಅದರಲ್ಲಿ ಇಂಥ 32 ನೋಡ್‌ಗಳಿವೆ. ಪ್ರತಿ ನೋಡ್‌ನಲ್ಲೂ ಕೀ ಬಿಚ್ಚಿಕೊಳ್ಳುತ್ತದೆ, ಆ ಕೋಣೆಯ ಬೀಗವೂ ನಿಮ್ಮ ಡಿಸೈನ್‌ನ ಭಾಗವೇ ಅಲ್ವಾ? ನಿಮ್ಮ 60 ಕಿ.ಮೀ.ಗೆ ಅದರ ಗೊಡವೆ ಇಲ್ಲ.

ಯಂತ್ರ ಕೊಳ್ಳುವ ಮೊದಲು ಓಟಿಡಿಆರ್ (ಫೈಬರ್‌ಗೆ ಬೆಳಕು ಬಿಟ್ಟು ನಷ್ಟ ಅಳೆಯುವ ಉಪಕರಣ) ಹಿಡಿದು ಎರಡೂ ತರಂಗಾಂತರದಲ್ಲಿ ನಷ್ಟ ಅಳೆಯಿರಿ. ಹಳೆಯ ಸ್ಪ್ಲೈಸ್ (ಫೈಬರ್ ಜೋಡಿಸಿದ ಜಾಗ), ಧೂಳು ಕೂತ ಕನೆಕ್ಟರ್‌ಗಳನ್ನು ಸರಿಮಾಡಿಸಿ. ಆಮೇಲೆ ಅದೇ ಓಟಿಡಿಆರ್ ಅನ್ನು ಆ ಕೋರ್‌ನಿಂದ ತೆಗೆದುಬಿಡಿ. ಅದರ ಬೆಳಕೂ ಡಿಟೆಕ್ಟರ್‌ಗೆ ಗದ್ದಲವೇ.