ಪ್ಯಾರಿಸ್ ಒಪೇರಾ ಬ್ಯಾಲೆ ತಂಡದಲ್ಲಿ ನರ್ತಕರಿಗೂ ಬಡ್ತಿ ಪರೀಕ್ಷೆ, ಪಿಂಚಣಿ ಇದೆಯೇ?

ನೀವು ಕೇಳಿರುವುದು ಇಷ್ಟು: ಪ್ಯಾರಿಸ್ ಒಪೇರಾದ ಬ್ಯಾಲೆ ತಂಡದಲ್ಲಿ ದರ್ಜೆ, ಬಡ್ತಿ ಪರೀಕ್ಷೆ, 42ಕ್ಕೆ ನಿವೃತ್ತಿ ಎಲ್ಲ ಇದೆಯಂತೆ, ನಿಜವೇ? ಇದೆಲ್ಲ ಎಲ್ಲಿಂದ ಶುರುವಾಯಿತು? ಹೊರಗಿನವರಿಗೆ ಅಲ್ಲಿ ಅವಕಾಶ ಇದೆಯೇ?

ನಿಜ. ನಾನು ನೃತ್ಯ ಬಲ್ಲವನಲ್ಲ. ಖಜಾನೆಯಲ್ಲಿ ಮೂವತ್ತೊಂದು ವರ್ಷ, ಅದರಲ್ಲೂ ಹೆಚ್ಚಿನ ಕಾಲ ಪಿಂಚಣಿ ಕಡತಗಳ ನಡುವೆ ಕಳೆದು ನಿವೃತ್ತನಾದವನು. ಮಗಳು ಪ್ಯಾರಿಸ್‌ನಲ್ಲಿದ್ದಾಳೆ, ಎರಡು ಸಲ ಹೋಗಿ ಕೆಲವು ತಿಂಗಳು ಇದ್ದು ಬಂದೆ. ಅವಳು ಮೊದಲ ಸಲ ಬ್ಯಾಲೆಗೆ ಕರೆದುಕೊಂಡು ಹೋದಾಗ ಅರ್ಧ ಗಂಟೆ ಆಕಳಿಸುತ್ತ ಕೂತಿದ್ದೆ. ಮಧ್ಯಂತರದಲ್ಲಿ ಕಾರ್ಯಕ್ರಮದ ಪುಸ್ತಕ ತಿರುವಿದರೆ, ಕಲಾವಿದರ ಹೆಸರುಗಳನ್ನು ದರ್ಜೆವಾರು ಅಚ್ಚು ಹಾಕಿದ್ದಾರೆ! ನಿದ್ದೆ ಹಾರಿಹೋಯಿತು. ಇದು ನಾನು ಬಲ್ಲ ಲೋಕ. ಅಂದಿನಿಂದ ಈ ತಂಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಆದ್ದರಿಂದ ಈ ಉತ್ತರವನ್ನು ರಸಿಕನ ಮಾತು ಎಂದಲ್ಲ, ಗುಮಾಸ್ತನ ಮಾತು ಎಂದೇ ಓದಿಕೊಳ್ಳಿ.

ತಂಡದಲ್ಲಿ ಸುಮಾರು 154 ನರ್ತಕರಿದ್ದಾರೆ, ಐದು ದರ್ಜೆಗಳಿವೆ. ತೀರ ಕೆಳಗಿನದು ಕಾದ್ರಿಯ್. ಅದರ ಮೇಲೆ ಕೋರಿಫೆ, ಆಮೇಲೆ ಸ್ಯುಜೆ, ಅದಕ್ಕೂ ಮೇಲೆ ಪ್ರೆಮಿಯೆ ದಾನ್ಸರ್, ತುದಿಯಲ್ಲಿ ಎತ್ವಾಲ್. ಎತ್ವಾಲ್ ಎಂದರೆ ನಕ್ಷತ್ರ. ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಹಂಸ ಸರೋವರ' ಬ್ಯಾಲೆಯಲ್ಲಿ ಕಾದ್ರಿಯ್ ಹುಡುಗಿ ಹಂಸಗಳ ಸಾಲಿನಲ್ಲಿ ಇಪ್ಪತ್ತನಾಲ್ಕನೆಯವಳಾಗಿ ನಿಲ್ಲುತ್ತಾಳೆ. ಕೋರಿಫೆ ಅದೇ ಸಾಲಿನ ಮುಂದೆ. ಸ್ಯುಜೆಗೆ ಒಮ್ಮೊಮ್ಮೆ ಒಂಟಿ ನೃತ್ಯದ ಅವಕಾಶ.

ಮೇಲೇರಲು ಕಾಂಕೂರ್ ಎಂಬ ವಾರ್ಷಿಕ ಸ್ಪರ್ಧಾ ಪರೀಕ್ಷೆ. ಇದರ ಮೊದಲ ಸುತ್ತು ನಡೆದದ್ದು 1860ರ ಏಪ್ರಿಲ್ 13ರಂದು. ಆರು ಜನರ ತೀರ್ಪುಗಾರರ ಮಂಡಳಿಯಲ್ಲಿ ಅಂದಿನ ಮಹಾನರ್ತಕಿ ಮಾರಿ ತಾಲ್ಯೋನಿ ಕೂತಿದ್ದಳು. ತಲೆಮಾರುಗಳಿಂದ ಬಂದ ಪದ್ಧತಿ ಹೀಗಿದೆ: ಪ್ರತಿ ಅಭ್ಯರ್ಥಿ ರಂಗದ ಮೇಲೆ ಒಬ್ಬೊಬ್ಬರಾಗಿ ಬಂದು, ಎಲ್ಲರಿಗೂ ಕಡ್ಡಾಯವಾದ ಒಂದು ತುಣುಕು, ತಾವೇ ಆರಿಸಿಕೊಂಡ ಒಂದು ತುಣುಕು ಕುಣಿಯಬೇಕು. ಕೆಳಗೆ ಆಡಳಿತದವರು, ಹೊರಗಿನ ಗಣ್ಯರು, ನರ್ತಕರೇ ಆರಿಸಿ ಕಳಿಸಿದ ಪ್ರತಿನಿಧಿಗಳು ಕಾಗದ ಪೆನ್ಸಿಲು ಹಿಡಿದು ಕೂತಿರುತ್ತಾರೆ. ಚಪ್ಪಾಳೆ ತಟ್ಟುವಂತಿಲ್ಲ. ಸಾವಿರಾರು ಜನರ ಚಪ್ಪಾಳೆಗೆ ಒಗ್ಗಿದ ದೇಹ ಒಂದೆರಡು ನಿಮಿಷ ನಿಶ್ಶಬ್ದದಲ್ಲಿ ಕುಣಿದು, ನಮಸ್ಕರಿಸಿ, ತನ್ನ ಉಸಿರಿನ ಸದ್ದು ತಾನೇ ಕೇಳುತ್ತ ಒಳಗೆ ಹೋಗಬೇಕು. ಇಷ್ಟಾದರೂ ಎಲ್ಲರಿಗೂ ಬಡ್ತಿಯಿಲ್ಲ. ಮೇಲೆ ಹುದ್ದೆ ಖಾಲಿಯಿದ್ದರೆ ಮಾತ್ರ. ಯಾರೋ ನಿವೃತ್ತರಾದರು, ಯಾರೋ ಬಿಟ್ಟುಹೋದರು ಎಂದರೆ ಒಂದು ಜಾಗ. ಅದಕ್ಕೆ ಹತ್ತು ಹನ್ನೆರಡು ಜನ. ಇದನ್ನು ಓದಿದಾಗ ನಾನು ಮಗಳಿಗೆ ಹೇಳಿದೆ, "ನಮ್ಮಲ್ಲಿ ಕನಿಷ್ಠ ಕುಣಿಸುತ್ತಿರಲಿಲ್ಲ."

ಎತ್ವಾಲ್ ಪದವಿ ಪರೀಕ್ಷೆಯಿಂದ ಬರುವುದಲ್ಲ. ನೃತ್ಯ ನಿರ್ದೇಶಕರ ಶಿಫಾರಸಿನ ಮೇಲೆ ಒಪೇರಾದ ಮುಖ್ಯ ನಿರ್ದೇಶಕರು ನೇಮಿಸುತ್ತಾರೆ. ಪ್ರದರ್ಶನ ಮುಗಿದು ನರ್ತಕರು ಬೆವರು ಸುರಿಸುತ್ತ ನಿಂತಿರುವಾಗ ಸೂಟು ತೊಟ್ಟವರು ಮೈಕು ಹಿಡಿದು ರಂಗಕ್ಕೆ ಬರುತ್ತಾರೆ. ಸೂಟು ಕಂಡ ಕೂಡಲೇ ಹಳೆಯ ಪ್ರೇಕ್ಷಕರಿಗೆ ಗೊತ್ತಾಗಿ ಕೂಗಾಟ ಶುರುವಾಗುತ್ತದೆ.

ಇಲ್ಲೇ ಒಂದು ಪ್ರಸಂಗ ಹೇಳಿಬಿಡುತ್ತೇನೆ, ನನಗೆ ಬಹಳ ಪ್ರಿಯವಾದದ್ದು. 1986ರಲ್ಲಿ ಮೊರಿಸ್ ಬೆಜಾರ್ ಎಂಬ ದೊಡ್ಡ ನೃತ್ಯ ಸಂಯೋಜಕ ತನ್ನ 'ಅರೆಪೊ' ಪ್ರದರ್ಶನದ ಕೊನೆಗೆ ರಂಗಕ್ಕೆ ಬಂದು, ಎರಿಕ್ ವ್ಯು-ಆನ್ ಮತ್ತು ಮಾನ್ಯುಯೆಲ್ ಲೆಗ್ರಿ ಇಬ್ಬರೂ ಇನ್ನು ಎತ್ವಾಲ್‌ಗಳು ಎಂದು ಘೋಷಿಸಿಬಿಟ್ಟ. ಆತ ಅತಿಥಿ, ಶಿಫಾರಸಿನ ಅಧಿಕಾರ ಇದ್ದದ್ದು ಆಗಿನ ನೃತ್ಯ ನಿರ್ದೇಶಕ ರುಡಾಲ್ಫ್ ನುರೆಯೆವ್ ಕೈಯಲ್ಲಿ. ನುರೆಯೆವ್ ಅದನ್ನು ರದ್ದು ಮಾಡಿದ. ಸಕ್ಷಮ ಪ್ರಾಧಿಕಾರದ ಆದೇಶವಿಲ್ಲದ ಬಡ್ತಿ ಊರ್ಜಿತವಲ್ಲ, ಅಷ್ಟೇ! ಲೆಗ್ರಿಗೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ಸಕ್ರಮವಾಗಿ ನಕ್ಷತ್ರ ಪದವಿ ಸಿಕ್ಕಿತು. ವ್ಯು-ಆನ್‌ಗೆ ಕೊನೆಗೂ ಸಿಗಲಿಲ್ಲ. ಕಡತ ಬಲ್ಲವರಿಗೆ ಇದರಲ್ಲಿ ನಗುವೂ ಇದೆ, ಸಂಕಟವೂ ಇದೆ.

ಇನ್ನು ಹುಟ್ಟಿನ ಕಥೆ. 14ನೇ ಲೂಯಿ ಸ್ವತಃ ನರ್ತಕ. 1653ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಉದಯಸೂರ್ಯನ ವೇಷ ಕಟ್ಟಿ ಕುಣಿದಿದ್ದ. 'ಸೂರ್ಯರಾಜ' ಎಂಬ ಹೆಸರಿಗೂ ಆ ವೇಷಕ್ಕೂ ನಂಟಿದೆ. 1661ರಲ್ಲಿ ಹದಿಮೂರು ಮಂದಿ ನೃತ್ಯಾಚಾರ್ಯರನ್ನು ಕೂಡಿಸಿ ರಾಜ ನೃತ್ಯ ಅಕಾಡೆಮಿ ಕಟ್ಟಿದ. 1669ರಲ್ಲಿ ಒಪೇರಾ, ಅಂದರೆ ಹಾಡಿನ ನಾಟಕ, ನಡೆಸುವ ಸನ್ನದು ಪಿಯೆರ್ ಪೆರ್‍ಯಾಂ ಎಂಬ ಕವಿಗೆ ಸಿಕ್ಕಿತು. 1672ರಲ್ಲಿ ಅದು ಸಂಗೀತಗಾರ ಲುಲ್ಲಿಯ ಕೈ ಸೇರಿತು. ವೃತ್ತಿಪರ ಹೆಂಗಸರು ಈ ರಂಗದ ಮೇಲೆ ಬಂದದ್ದು 1681ರಲ್ಲಿ. 1713ರಲ್ಲಿ ಶಾಲೆ ಶುರುವಾಯಿತು, ಇಂದಿಗೂ ನಡೆಯುತ್ತಿದೆ. ಅದರ ಮಕ್ಕಳನ್ನು 'ಪುಟ್ಟ ಇಲಿಗಳು' ಎನ್ನುತ್ತಾರೆ. 1987ರಿಂದ ಶಾಲೆ ಪ್ಯಾರಿಸ್ ಪಕ್ಕದ ನಾಂತೆರ್‌ನಲ್ಲಿದೆ. ವಸತಿಶಾಲೆ, ವರ್ಷವರ್ಷ ಪರೀಕ್ಷೆ, ಪಾಸಾಗದ ಮಗು ಪೆಟ್ಟಿಗೆ ಕಟ್ಟಿಕೊಂಡು ಮನೆಗೆ. ಇದನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಹತ್ತೊಂಬತ್ತನೇ ಶತಮಾನ ಈ ತಂಡದ ಹೊನ್ನಿನ ಕಾಲ ಎನ್ನುತ್ತಾರೆ. 1832ರಲ್ಲಿ 'ಲಾ ಸಿಲ್ಫೀಡ್', 1841ರಲ್ಲಿ 'ಜಿಸೆಲ್' ಬ್ಯಾಲೆಗಳು ಇಲ್ಲೇ ಮೊದಲು ರಂಗ ಕಂಡವು. ಆದರೆ ಆ ಹೊನ್ನಿನ ಹಿಂಬದಿ ಮಸಿ ಹಿಡಿದಿತ್ತು. ರಂಗದ ಹಿಂದಿನ ಚಿನ್ನದ ಕೋಣೆಗೆ, ಅಂದರೆ ನರ್ತಕಿಯರು ಮೈ ಬಿಸಿ ಮಾಡಿಕೊಳ್ಳುವ ಜಾಗಕ್ಕೆ, ಶ್ರೀಮಂತ ಚಂದಾದಾರ ಗಂಡಸರಿಗೆ ಪ್ರವೇಶವಿತ್ತು. ಚಿತ್ರಕಾರ ಡೆಗಾನ ಚಿತ್ರಗಳಲ್ಲಿ ಮೂಲೆಯಲ್ಲಿ ಕರಿ ಟೋಪಿ ತೊಟ್ಟು ನಿಂತವರು ಇವರೇ. ಅವನ ಹೆಸರಾಂತ ಮೇಣದ ಪ್ರತಿಮೆಗೆ ರೂಪದರ್ಶಿಯಾಗಿದ್ದ ಬಾಲ ನರ್ತಕಿ ಮಾರಿ ವಾನ್ ಗೂತೆಮ್ ಒಬ್ಬ ಅಗಸಗಿತ್ತಿಯ ಮಗಳು. ಪ್ರತಿಮೆ ಪ್ರದರ್ಶನಕ್ಕೆ ಬಂದ ಮರುವರ್ಷ, 1882ರಲ್ಲಿ, ಗೈರುಹಾಜರಿಯ ಕಾರಣಕ್ಕೆ ಒಪೇರಾ ಅವಳನ್ನು ತೆಗೆದುಹಾಕಿತು.

ನರ್ತಕಿ ಎಮ್ಮಾ ಲಿವ್ರಿಯ ಕಥೆಯಂತೂ ಓದಿದ ಮೇಲೆ ಎರಡು ದಿನ ಕಾಡಿತು. ಆಗ ಗ್ಯಾಸ್ ದೀಪಗಳ ಕಾಲ. ತೆಳು ಬಟ್ಟೆಯ ಲಂಗಕ್ಕೆ ಬೆಂಕಿ ತಗಲದಂತೆ ರಾಸಾಯನಿಕದಲ್ಲಿ ಅದ್ದಬೇಕೆಂದು ಸರ್ಕಾರಿ ಆಜ್ಞೆಯೇ ಇತ್ತು. ಅದ್ದಿದರೆ ಬಟ್ಟೆ ಬಿರುಸಾಗಿ ಮಂಕಾಗುತ್ತದೆ ಎಂದು ಲಿವ್ರಿ ಒಪ್ಪಲಿಲ್ಲ. ಏನಾದರೂ ಆದರೆ ಹೊಣೆ ತನ್ನದೇ ಎಂದು ಬರೆದುಕೊಟ್ಟಳು. 1862ರ ನವೆಂಬರ್‌ನಲ್ಲಿ ತಾಲೀಮಿನ ನಡುವೆ ಲಂಗ ದೀಪಕ್ಕೆ ತಾಗಿತು. ಎಂಟು ತಿಂಗಳು ನರಳಿ, ಇಪ್ಪತ್ತರ ವಯಸ್ಸಿನಲ್ಲಿ ತೀರಿಹೋದಳು. ಸುಟ್ಟುಳಿದ ಬಟ್ಟೆಯ ಚೂರುಗಳನ್ನು ಒಪೇರಾದ ವಸ್ತುಸಂಗ್ರಹಾಲಯದಲ್ಲಿ ಕಾಪಿಟ್ಟಿದ್ದಾರೆ.

ನಮ್ಮ ದೇಶದ ನಂಟನ್ನೂ ಹೇಳಬೇಕು. ಪುದುಚೇರಿ ಬಳಿಯ ತಿರುವೇಂದಿಪುರಂನ ದೇವದಾಸಿಯರು 1838ರಲ್ಲಿ ಪ್ಯಾರಿಸ್‌ನ ಬೇರೊಂದು ರಂಗಮಂದಿರದಲ್ಲಿ ಕುಣಿದರು. ಅದನ್ನು ಕಂಡು ಬೆರಗಾಗಿ ಬರೆದ ಕವಿ ತೆಯೊಫಿಲ್ ಗೋತಿಯೆ ಇಪ್ಪತ್ತು ವರ್ಷದ ಮೇಲೆ ಒಪೇರಾಕ್ಕಾಗಿ ಶಕುಂತಲೆಯ ಕಥೆಯನ್ನು ಬ್ಯಾಲೆಯಾಗಿಸಿದ. ಕಾಳಿದಾಸನ ಶಕುಂತಲೆ 1858ರಲ್ಲಿ ಅಲ್ಲಿ ತುದಿಗಾಲಲ್ಲಿ ನಡೆದಳು. ಮಗಳೊಂದಿಗೆ ನಾನು ನೋಡಿದ್ದು 'ಲಾ ಬಯಾದೇರ್', ದೇವಾಲಯದ ನರ್ತಕಿಯೊಬ್ಬಳ ಕಥೆ. 1992ರ ಅಕ್ಟೋಬರ್‌ನಲ್ಲಿ ನುರೆಯೆವ್ ರಂಗಕ್ಕೆ ತಂದ ಕೊನೆಯ ಕೃತಿ ಇದು; ಮೂರು ತಿಂಗಳಲ್ಲಿ ಆತ ತೀರಿಕೊಂಡ. ನರ್ತನ ಅದ್ಭುತ. ಅದರಲ್ಲಿ ಭಾರತ ಎಷ್ಟಿದೆ ಎಂದು ಕೇಳಬೇಡಿ. ಮೈಗೆಲ್ಲ ಬಂಗಾರದ ಬಣ್ಣ ಬಳಿದುಕೊಂಡ ವಿಗ್ರಹವೊಂದು ಎದ್ದು ಬಂದು ಚಕ್ರದಂತೆ ತಿರುಗಿದಾಗ ನನ್ನ ಹೆಂಡತಿ, "ಇದು ಯಾವ ದೇವರು?" ಎಂದಳು. ಉತ್ತರ ಯಾರ ಬಳಿಯೂ ಇರಲಿಲ್ಲ.

ತಂಡ ಈಗ ಎರಡು ರಂಗಮಂದಿರಗಳಲ್ಲಿ ಕುಣಿಯುತ್ತದೆ: 1875ರಲ್ಲಿ ತೆರೆದ ಪಾಲೆ ಗಾರ್ನಿಯೆ, 1989ರ ಬಸ್ತೀಯ್. ಬಸ್ತೀಯ್ ದೊಡ್ಡದು, ಸುಮಾರು 2,700 ಆಸನ, ನೆಲ ಸಮ. ಗಾರ್ನಿಯೆಯ ರಂಗ ಪ್ರೇಕ್ಷಕರ ಕಡೆಗೆ ಇಳಿಜಾರು. ನೀರು ಹರಿಯಲೆಂದು ಬಚ್ಚಲುಮನೆಯ ನೆಲವನ್ನು ಓರೆ ಹಾಕುತ್ತಾರಲ್ಲ, ಹಾಗೆ. ಅದರ ಮೇಲೆ ಒಂಟಿ ಕಾಲಲ್ಲಿ ಗಿರಗಿರ ಸುತ್ತಬೇಕು!

ನೀವು ಎಂದಾದರೂ ಹೋದರೆ 'ಡೆಫಿಲೆ', ಅಂದರೆ ಇಡೀ ತಂಡದ ಮೆರವಣಿಗೆ, ಇರುವ ದಿನ ಹೋಗಿ. ಸಾಮಾನ್ಯವಾಗಿ ಪ್ರದರ್ಶನ ಋತುವಿನ ಆರಂಭದಲ್ಲಿ ಇರುತ್ತದೆ. ಕಡಿಮೆ ದರದ ಟಿಕೆಟು ತೆಗೆದುಕೊಂಡ ನಮಗೆ ಸಿಕ್ಕಿದ್ದು ಪಕ್ಕದ ಬಾಲ್ಕನಿಯ ಹಿಂದಿನ ಕುರ್ಚಿ, ಕಾಣುವುದು ಅರ್ಧ ರಂಗ. ಮುಂದೆ ಕೂತಿದ್ದ ಫ್ರೆಂಚ್ ಅಜ್ಜಿ ತಿರುಗಿ ನೋಡಿ, ಮಾತಿಲ್ಲದೆ ತನ್ನ ಕುರ್ಚಿಯನ್ನು ಒಂದು ಗೇಣು ಸರಿಸಿದರು. ಎದ್ದು ನಿಂತು ಬಾಗಿದೆ. ರಂಗದ ಹಿಂಗೋಡೆ ತೆರೆದು, ಆಚೆಯ ಚಿನ್ನದ ಕೋಣೆಯ ದೀಪಗುಚ್ಛ ದೂರದಲ್ಲಿ ಉರಿಯುತ್ತಿತ್ತು. ಬೆರ್ಲಿಯೋಜ್‌ನ ಮೆರವಣಿಗೆ ಸಂಗೀತ ಶುರುವಾಯಿತು. ಆ ಆಳದಿಂದ ಬಿಳಿ ಉಡುಪಿನ ಪುಟ್ಟ ಹುಡುಗಿಯೊಬ್ಬಳು ಒಬ್ಬಳೇ ನಡೆದು ಬಂದಳು. ಅವಳ ಹಿಂದೆ ಶಾಲೆಯ ಮಕ್ಕಳು, ಆಮೇಲೆ ದರ್ಜೆ ದರ್ಜೆಯಾಗಿ ಇಡೀ ತಂಡ. ಎತ್ವಾಲ್‌ಗಳು ಮಾತ್ರ ಒಬ್ಬೊಬ್ಬರಾಗಿ. ಕಾಲು ಗಂಟೆಗೂ ಹೆಚ್ಚು ಹೊತ್ತು ಯಾರೂ ಕುಣಿಯಲಿಲ್ಲ. ನಡೆದರು, ಬಾಗಿದರು, ಪಕ್ಕಕ್ಕೆ ಸರಿದರು. ಜ್ಯೇಷ್ಠತಾ ಪಟ್ಟಿಗೆ ಕಾಲು ಬಂದು ನಡೆದಂತಿತ್ತು. ನಗಬೇಕೆಂದುಕೊಂಡವನಿಗೆ ಗಂಟಲು ಕಟ್ಟಿತು, ಏಕೋ.

ಪಿಂಚಣಿಗೆ ಬರೋಣ, ಇದು ನನ್ನ ವಿಷಯ. ಇವರು ಸರ್ಕಾರಿ ನೌಕರರಲ್ಲ. ನಮ್ಮ ನಿಗಮ-ಮಂಡಳಿಗಳಂಥ ಸಾರ್ವಜನಿಕ ಸಂಸ್ಥೆಯ ನೌಕರರು. ಪಿಂಚಣಿ ವ್ಯವಸ್ಥೆಯ ಬೇರು 1698ರಲ್ಲಿ, ಅದೇ 14ನೇ ಲೂಯಿಯ ಕಾಲದಲ್ಲಿದೆ. ನರ್ತಕರಿಗೆ 42ಕ್ಕೆ ನಿವೃತ್ತಿ. ಬಾಲ್ಯದಿಂದ ಹಿಂಡಿಸಿಕೊಂಡ ಮಂಡಿ, ಹಿಮ್ಮಡಿಗಳಿಗೆ ಅದೂ ತಡವೇ. 2019ರಲ್ಲಿ ಸರ್ಕಾರ ಎಲ್ಲರಿಗೂ ಒಂದೇ ಪಿಂಚಣಿ ನಿಯಮ ಎಂದಾಗ ತಂಡ ಮುಷ್ಕರ ಹೂಡಿತು. ಈಗಿರುವವರನ್ನು ಮುಟ್ಟುವುದಿಲ್ಲ, ಮುಂದೆ ಸೇರುವವರಿಗೆ ಮಾತ್ರ ಹೊಸ ನಿಯಮ ಎಂಬ ರಾಜಿಸೂತ್ರ ಬಂತು. ನಮ್ಮಲ್ಲಿ 2006ರ ನಂತರ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಬಂದಾಗ ನಾವು ಹಳಬರು ಎಷ್ಟು ದನಿ ಎತ್ತಿದೆವು ಎಂಬುದು ನನಗೆ ಗೊತ್ತು. ಆ ನರ್ತಕರು ಒಪ್ಪಲಿಲ್ಲ. ಡಿಸೆಂಬರ್ 24ರ ಚಳಿಯಲ್ಲಿ ಗಾರ್ನಿಯೆಯ ಮುಂದಿನ ಬಯಲಲ್ಲೇ 'ಹಂಸ ಸರೋವರ'ದ ಒಂದು ಭಾಗ ಕುಣಿದರು, ವಾದ್ಯಗಾರರು ನುಡಿಸಿದರು. 2023ರಲ್ಲಿ ಪಿಂಚಣಿ ಸುಧಾರಣೆ ಜಾರಿಯಾದಾಗ ಹಲವು ವಿಶೇಷ ವ್ಯವಸ್ಥೆಗಳು ಹೊಸಬರಿಗೆ ಮುಚ್ಚಿದವು, ಒಪೇರಾದ್ದು ಉಳಿಯಿತು.

ದರ್ಜೆಗಳ ಈ ಏಣಿಯನ್ನು ಎಲ್ಲರೂ ಮೆಚ್ಚುವುದಿಲ್ಲ. 2014ರಲ್ಲಿ ನೃತ್ಯ ನಿರ್ದೇಶಕನಾಗಿ ಬಂದ ಬೆಂಜಮಿನ್ ಮಿಲ್‌ಪಿಯೆಗೆ ಕಾಂಕೂರ್ ಕಂಡರೆ ಆಗುತ್ತಿರಲಿಲ್ಲ. 2016ರಲ್ಲಿ ಆತ ಹೋದ, ಕಾಂಕೂರ್ ಉಳಿಯಿತು. ನುರೆಯೆವ್‌ನಂಥವನು ಏಣಿ ಇಟ್ಟುಕೊಂಡೇ ಅದನ್ನು ಹಾರಿಸಿದ: 1984ರ ಕೊನೆಗೆ ಸಿಲ್ವಿ ಗಿಲೆಮ್ ಪ್ರೆಮಿಯೆ ದರ್ಜೆಗೆ ಬಂದ ಐದೇ ದಿನಕ್ಕೆ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಅವಳನ್ನು ಎತ್ವಾಲ್ ಮಾಡಿದ. ಐದು ವರ್ಷದೊಳಗೆ ಅವಳು ಲಂಡನ್ನಿಗೆ ಹೊರಟುಹೋದಳು. ಏಣಿಯ ಪರವಾಗಿ ನಾನು ಹೇಳುವುದು ಒಂದೇ: ರಾಜ ಹೋದ, ಕ್ರಾಂತಿಯಾಯಿತು, ಚಕ್ರವರ್ತಿಗಳು ಬಂದು ಹೋದರು, ಎರಡು ಮಹಾಯುದ್ಧಗಳಾದವು, ಇಷ್ಟು ಕಾಲ ಪ್ರತಿಭೆಯೊಂದನ್ನೇ ನೆಚ್ಚಿಕೊಂಡ ತಂಡ ಉಳಿಯುತ್ತಿರಲಿಲ್ಲ. ರಿಜಿಸ್ಟರು ಇಟ್ಟುಕೊಂಡದ್ದಕ್ಕೇ ಉಳಿದಿದೆ.

ಕೊನೆಯದಾಗಿ, ಹೊರಗಿನವರ ಪ್ರಶ್ನೆ. ತಂಡದಲ್ಲಿ ಹೆಚ್ಚಿನವರು ಅದೇ ಶಾಲೆಯಿಂದ ಬಂದವರು, ಆದರೆ ಹೊರಗಿನವರಿಗೂ ಪ್ರತ್ಯೇಕ ಪರೀಕ್ಷೆ ಇದೆ. ದಕ್ಷಿಣ ಕೊರಿಯಾದ ಪಾರ್ಕ್ ಸೇ-ಉನ್ 2011ರಲ್ಲಿ ಹಾಗೆ ಒಳಬಂದು, ಒಂದೊಂದೇ ಮೆಟ್ಟಿಲು ಹತ್ತಿ, 2021ರ ಜೂನ್‌ನಲ್ಲಿ ಎತ್ವಾಲ್ ಆದರು, ಏಷ್ಯಾದಿಂದ ಬಂದವರಲ್ಲಿ ಮೊದಲಿಗರು. 2023ರ ಮಾರ್ಚ್‌ನಲ್ಲಿ ಇದು ತಿರುವುಮುರುವಾಯಿತು: ತಂಡ ಸೋಲ್ ನಗರಕ್ಕೆ ಪ್ರವಾಸ ಹೋಗಿದ್ದಾಗ, 'ಜಿಸೆಲ್' ಮುಗಿದ ಮೇಲೆ, ಪ್ಯಾರಿಸ್‌ನಲ್ಲೇ ಹುಟ್ಟಿದ ಗಿಯೋಮ್ ಡಿಯೋಪ್ ಹೆಸರು ಕರೆದರು. ಆ ತಂಡದ ಮೊದಲ ಕಪ್ಪು ವರ್ಣೀಯ ಎತ್ವಾಲ್. ಆಗ ಅವರಿನ್ನೂ ಸ್ಯುಜೆ. ಪ್ರೆಮಿಯೆ ದರ್ಜೆಯನ್ನು ಮುಟ್ಟದೆಯೇ ದಾಟಿದ್ದರು. ಮೂವತ್ತೊಂದು ವರ್ಷದಲ್ಲಿ ಅಂಥ ಕಡತ ಒಂದೂ ನನ್ನ ಮೇಜಿಗೆ ಬಂದಿರಲಿಲ್ಲ.